ಧಾರವಾಡಕ್ಕೆ ಓದಲು ಹೋಗುವವರಿಗೆ: ಖಾನಾವಳಿಯಲ್ಲಿ ಉಣ್ಣುವ ಬಗೆ

ಖಾನಾವಳಿಗೆ ಹೊಸದಾಗಿ ಹೋದವರು ಮಾಡುವ ಮೊದಲ ತಪ್ಪು ಮೆನು ಕೇಳುವುದು. ನಾನೂ ಕೇಳಿದ್ದೆ.

2012ರ ಜುಲೈ ಅದು. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಎಂ.ಎಸ್ಸಿ. ಓದಲು ತಿಪಟೂರಿನಿಂದ ಬಂದು ಎರಡು ದಿನವಾಗಿತ್ತು. ಹಾಸ್ಟೆಲ್ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಬಂದಿರಲಿಲ್ಲ. ಸಪ್ತಾಪುರದ ಒಂದು ಅಡ್ಡರಸ್ತೆಯಲ್ಲಿ ಮನೆಯ ಪಡಸಾಲೆಗೇ ಆರು ಟೇಬಲ್ ಹಾಕಿದ್ದ ಜಾಗ ಕಂಡಿತು. ಒಳಗೆ ಹೋಗಿ ಕೂತೆ. ಬಡಿಸುವ ಹುಡುಗ ಬಂದ. "ಮೆನು ಕೊಡ್ತೀರಾ?" ಅಂದೆ. ಅವನು ಅಡುಗೆಮನೆ ಕಡೆ ತಿರುಗಿ, "ಯವ್ವಾ, ಮೆನು ಕೇಳಾಕತ್ತಾರ!" ಎಂದು ಕೂಗಿದ. ಒಳಗಿಂದ ಹೆಂಗಸಿನ ದನಿ ಬಂತು: "ಊಟ ಐತಿ ಅಂತ ಹೇಳು."

ಊಟ ಐತಿ. ಮೆನು ಅಷ್ಟೇ.

ಮುಂದಿನ ಎರಡು ವರ್ಷ ನಾನು ಅಲ್ಲೇ ಉಂಡೆ. ಹಾಸ್ಟೆಲ್ ಸಿಕ್ಕ ಮೇಲೂ ಉಂಡೆ. ಈಗ ನನ್ನ ಚಿಕ್ಕಮ್ಮನ ಮಗ ಪಿ.ಎಸ್.ಐ. ಪರೀಕ್ಷೆಯ ಕೋಚಿಂಗ್‌ಗೆ ಅದೇ ಸಪ್ತಾಪುರಕ್ಕೆ ಹೊರಟಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಕ್ಕಾ, ಅಲ್ಲಿ ಊಟಕ್ಕೇನು ಮಾಡೋದು?" ಅಂದ. ಒಂದು ಗಂಟೆ ಮಾತಾಡಿದೆ. ಅವನು ಅರ್ಧ ಮರೆತಿರುತ್ತಾನೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮ ಕಡೆಯಿಂದ, ಅಂದರೆ ತುಮಕೂರು, ಹಾಸನ, ಮಂಡ್ಯದ ಕಡೆಯಿಂದ ಹೋಗುವ ಬೇರೆಯವರಿಗೂ ಉಪಯೋಗವಾದೀತು.

ಮೊದಲು ಖಾನಾವಳಿ ಅಂದರೇನು ಅಂತ ತಿಳಿದುಕೊಳ್ಳಿ. ಅದು ಹೋಟೆಲ್ ಅಲ್ಲ. ಬೆಳಿಗ್ಗೆ ಹೋದರೆ ಇಡ್ಲಿ ದೋಸೆ ಸಿಗುವುದಿಲ್ಲ, ಸಂಜೆ ಹೋದರೆ ಕಾಫಿ ಸಿಗುವುದಿಲ್ಲ. ಎರಡು ಹೊತ್ತು ಊಟ, ಅಷ್ಟೇ. ಮರಾಠಿಯ 'ಖಾಣಾವಳ'ಕ್ಕೂ ಇದಕ್ಕೂ ನಂಟು. 1956ರವರೆಗೆ ಧಾರವಾಡ ಮುಂಬಯಿ ಕಡೆಗೆ ಸೇರಿತ್ತಲ್ಲ, ಅಂಥ ಮಾತು ಇಲ್ಲಿ ಬೇಕಾದಷ್ಟಿವೆ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಊರು ಇದು. ಆಮೇಲೆ ವಿಶ್ವವಿದ್ಯಾಲಯ ಬಂತು, ಕೃಷಿ ವಿಶ್ವವಿದ್ಯಾಲಯ ಬಂತು, ಈಗ ಗಲ್ಲಿಗೊಂದು ಕೋಚಿಂಗ್ ಸೆಂಟರ್ ಇದೆ. ಪರವೂರಿನ ಮಕ್ಕಳು ಬರುತ್ತಲೇ ಇರುತ್ತಾರೆ, ಅವರಿಗೆ ಅನ್ನ ಬೇಯಿಸುವ ಮನೆಗಳೂ ಇದ್ದೇ ಇರುತ್ತವೆ. ಮನೆ ಅಂದದ್ದು ಬಾಯ್ಮಾತಿಗಲ್ಲ. ನಾನು ಉಂಡ ಕಡೆ ಮನೆಯೊಡತಿ, ನಮಗೆಲ್ಲ ಅಕ್ಕಾರು, ಅಡುಗೆಗೆ, ಅವರ ಅತ್ತೆ ರೊಟ್ಟಿಗೆ, ಗಂಡ ಗಲ್ಲಾಕ್ಕೆ, ಪಿ.ಯು.ಸಿ. ಓದುವ ಮಗ ಬಡಿಸುವುದಕ್ಕೆ. ಸಂಬಳದ ಆಳು ಅಂದರೆ ಪಾತ್ರೆ ತೊಳೆಯುವವರು ಒಬ್ಬರೇ.

ಯಾವುದನ್ನು ಆರಿಸುವುದು

ಬೋರ್ಡ್ ನೋಡಿ ಆರಿಸಬೇಡಿ. ಬಸವೇಶ್ವರ ಖಾನಾವಳಿ ಅನ್ನುವ ಬೋರ್ಡ್ ಈ ಕಡೆ ಊರೂರಲ್ಲೂ ಇದೆ, ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. 'ಲಿಂಗಾಯತ ಖಾನಾವಳಿ' ಅಂತ ಬರೆದಿದ್ದರೆ ಸಸ್ಯಾಹಾರ ಅಂತ ಅರ್ಥ ಮಾಡಿಕೊಳ್ಳಿ, ಯಾರು ಬೇಕಾದರೂ ಉಣ್ಣಬಹುದು. 'ಸಾವಜಿ' ಅಂತ ಬರೆದಿದ್ದರೆ ಮಾಂಸದ ಊಟ. ಅದರ ಖಾರದ ಬಗ್ಗೆ ಎಚ್ಚರಿಕೆ ಕೊಡುವುದು ನನ್ನ ಧರ್ಮ. ಮೊದಲ ವಾರವೇ ಹೋಗಿ ಧೈರ್ಯ ತೋರಿಸಬೇಡಿ.

ನಾನು ಆರಿಸುವುದು ಕಿವಿಯಿಂದ. ಮಧ್ಯಾಹ್ನ ಒಂದು ಗಂಟೆಗೆ ಬಾಗಿಲಲ್ಲಿ ನಿಂತು ಕೇಳಿ. ಒಳಗಿಂದ ಪಟಪಟ ಅಂತ ರೊಟ್ಟಿ ಬಡಿಯುವ ಸದ್ದು ಬರುತ್ತಿದೆಯಾ? ಬರುತ್ತಿದ್ದರೆ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರುತ್ತದೆ. ಸದ್ದಿಲ್ಲ ಅಂದರೆ ಬೆಳಿಗ್ಗೆಯೇ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ, ಅಥವಾ ರೊಟ್ಟಿ ಮಾಡಿ ಮಾರುವ ಮನೆಯಿಂದ ತರಿಸುತ್ತಾರೆ. ಅದೂ ತಪ್ಪಲ್ಲ, ಆದರೆ ದಿನಾ ತಿನ್ನುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದುತ್ತಾರೆ, ಲಟ್ಟಿಸದೆ ಅಂಗೈಯಲ್ಲಿ ಬಡಿಯುತ್ತಾರೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಅಂಚು ಬಿರಿಯುತ್ತದೆ. ಹಾಗಾಗಿ ತಾಟಿಗೆ ಬಂದ ರೊಟ್ಟಿಯ ಅಂಚು ನೋಡಿ. ಸುತ್ತಲೂ ಒಡೆದು ಹಲ್ಲುಹಲ್ಲಾಗಿದ್ದರೆ ಹಿಟ್ಟು ಬೀಸಿ ಬಹಳ ದಿನವಾಗಿದೆ. ಇದನ್ನು ನನಗೆ ಹೇಳಿಕೊಟ್ಟದ್ದು ಅಕ್ಕಾರ ಅತ್ತೆ. ನಾವೆಲ್ಲ ಅವರನ್ನು ಆಯಿ ಅನ್ನುತ್ತಿದ್ದೆವು. ಬೇರೆಯವರ ರೊಟ್ಟಿಯ ಅಂಚು ನೋಡಿ ತೀರ್ಪು ಕೊಡುವುದು ಅವರ ಒಂದೇ ಚಟ.

ಇನ್ನೊಂದು ಗುರುತು: ಯಾರು ಉಣ್ಣುತ್ತಿದ್ದಾರೆ ನೋಡಿ. ಬರೀ ನಮ್ಮಂಥ ಹುಡುಗ ಹುಡುಗಿಯರೇ ತುಂಬಿದ್ದರೆ ಅಗ್ಗ ಅಂತ ಮಾತ್ರ ಅರ್ಥ. ಕೋರ್ಟ್ ಕೆಲಸಕ್ಕೆ ಬಂದ ರೈತರು, ಬಸ್ ಕಂಡಕ್ಟರು, ಕಾಲೇಜಿನ ಅಟೆಂಡರು ಕೂತಿದ್ದರೆ ರೊಟ್ಟಿ ಚೆನ್ನಾಗಿದೆ ಅಂತ ಅರ್ಥ. ಅವರ ಮನೆಯಲ್ಲೂ ರೊಟ್ಟಿ ಆಗುತ್ತದೆ. ಕೆಟ್ಟ ರೊಟ್ಟಿಗೆ ಅವರು ದುಡ್ಡು ಕೊಡುವುದಿಲ್ಲ.

ಆರಿಸಿದ ಮೇಲೂ ತಿಂಗಳ ದುಡ್ಡು ಕೂಡಲೇ ಕಟ್ಟಬೇಡಿ. ಒಂದು ವಾರ ಹೊತ್ತಿಗಿಷ್ಟು ಅಂತ ಕೊಟ್ಟು ಉಣ್ಣಿ. ಸ್ವಲ್ಪ ಜಾಸ್ತಿ ಬೀಳುತ್ತದೆ, ಬೀಳಲಿ. ನನ್ನ ರೂಮ್‌ಮೇಟ್ ಕೊಪ್ಪಳದವಳು. ಇನ್ನೊಂದು ಕಡೆ ಮೆಸ್ಸಿಗೆ ಮೂರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದಳು, ನೂರೈವತ್ತು ಕಡಿಮೆ ಮಾಡುತ್ತಾರೆ ಅಂತ. ಐದನೇ ವಾರ ಹೋದರೆ ಬೀಗ. ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ದುಡ್ಡು ಇವತ್ತಿಗೂ ಬಂದಿಲ್ಲ. ಯಾರು ಎಷ್ಟೇ ರಿಯಾಯಿತಿ ಕೊಡಲಿ, ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೊಡಬೇಡಿ.

ತಾಟಿನ ಮುಂದೆ

ಈಗ ಕೂತಿದ್ದೀರಿ. ಕೈ ತೊಳೆದು ಬನ್ನಿ, ಚಮಚ ಹುಡುಕಬೇಡಿ. ಸ್ಟೀಲಿನ ತಾಟು ಬರುತ್ತದೆ. ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ ಅಥವಾ ಸೊಪ್ಪು, ಎರಡು ಥರ ಹಿಂಡಿ, ಉಳ್ಳಾಗಡ್ಡಿ, ಸೌತೆಕಾಯಿ, ಒಂದು ವಾಟಗದಲ್ಲಿ ಮೊಸರು.

ಹಿಂಡಿ ಅಂದಾಗ ನಾನು ಬೆಚ್ಚಿದ್ದೆ. ನಮ್ಮೂರಲ್ಲಿ ಹಿಂಡಿ ಅಂದರೆ ಹಸುವಿಗೆ ಹಾಕುವುದು. ಇಲ್ಲಿ ಅದು ಚಟ್ನಿಪುಡಿ. ಶೇಂಗಾ ಹಿಂಡಿ ಕೆಂಪಗೆ, ಕೈಗೆ ಎಣ್ಣೆ ಅಂಟುತ್ತದೆ. ಗುರೆಳ್ಳು, ಅಂದರೆ ನಮ್ಮ ಹುಚ್ಚೆಳ್ಳಿನ ಹಿಂಡಿ ಕಪ್ಪಗೆ. ಅಗಸಿ ಹಿಂಡಿ ಕಂದು ಬಣ್ಣ, ಬಾಯಲ್ಲಿ ಸ್ವಲ್ಪ ಲೋಳೆ ಅನ್ನಿಸುತ್ತದೆ. ತಿಪಟೂರಿನವಳಿಗೆ ಚಟ್ನಿ ಅಂದರೆ ಕಾಯಿ, ಕಾಯಿ ಇಲ್ಲದ್ದು ಚಟ್ನಿಯೇ ಅಲ್ಲ. ಮೂರು ದಿನ ಮುಟ್ಟಲಿಲ್ಲ. ನಾಲ್ಕನೇ ದಿನ ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯರು ಸುಮ್ನೆ ನೋಡಲಾರದೆ, "ತಂಗಿ, ಹಿಂಡಿ ಮ್ಯಾಲ ಮಸರು ಹಾಕ್ಕೊಂಡು ಕಲಸು" ಅಂದರು. ಗುರೆಳ್ಳು ಹಿಂಡಿಗೆ ಗಟ್ಟಿ ಮೊಸರು, ಬಿಸಿ ರೊಟ್ಟಿ. ಪಲ್ಯ ಕೆಟ್ಟ ದಿನವೂ ಇದೊಂದಿದ್ದರೆ ಊಟ ಆಗಿಹೋಗುತ್ತದೆ.

ಪಲ್ಯದ ವಿಷಯದಲ್ಲೂ ಹೀಗೇ. ನಮ್ಮ ಕಡೆ ಪಲ್ಯ ಅಂದರೆ ಒಣಗಿರುತ್ತದೆ, ಅನ್ನದ ಪಕ್ಕಕ್ಕೆ ಒಂದು ಚಮಚ. ಇಲ್ಲಿ ಪಲ್ಯವೇ ಮುಖ್ಯ, ರಸ ಇರುತ್ತದೆ, ರೊಟ್ಟಿ ಅದ್ದಿ ತಿನ್ನಬೇಕು. ಮಡಕಿ ಕಾಳು, ಹೆಸರುಕಾಳು, ಅಲಸಂದಿ, ಕಡಲೆ ದಿನಕ್ಕೊಂದು ತಿರುಗುತ್ತವೆ. ಬದನೆಕಾಯಿ ಎಣ್ಣೆಗಾಯಿ ವಾರಕ್ಕೆರಡು ಸಲ ಇದ್ದೇ ಇರುತ್ತದೆ. ಮುಳ್ಳಿನ ಸಣ್ಣ ಬದನೆಕಾಯಿಯನ್ನು ತೊಟ್ಟು ಬಿಟ್ಟು ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳು, ಮಸಾಲೆ ಖಾರ ತುಂಬಿ ಎಣ್ಣೆಯಲ್ಲಿ ಬೇಯಿಸುತ್ತಾರೆ. ತೊಟ್ಟು ಹಿಡಿದು ತಿನ್ನಿ, ತೊಟ್ಟು ಎಸೆಯಿರಿ. ಬದನೆಕಾಯಿ ತಿನ್ನದವರಿಗೆ ಝುಣಕ ಇದೆ, ಕಡಲೆಹಿಟ್ಟಿನದು. ಪುಂಡಿಪಲ್ಯ ಹುಳಿ. ಮೊದಲ ಸಲ ಗೊಂಗುರ ಅಂದುಕೊಳ್ಳುತ್ತೀರಿ, ಸೊಪ್ಪು ಅದೇ. ಜೋಳದ ನುಚ್ಚು ಹಾಕಿ ಬೇಯಿಸಿರುತ್ತಾರೆ, ಹಾಗಾಗಿ ರುಚಿ ಬೇರೆ.

ಬಣ್ಣ ನೋಡಿ ಹೆದರಬೇಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ ಕೊಡುತ್ತದೆ, ಖಾರ ಅಷ್ಟಿಲ್ಲ. ಹೆದರಬೇಕಾದದ್ದು ಸಣ್ಣ ಬಟ್ಟಲಲ್ಲಿ ಬರುವ ಕೆಂಪು ಚಟ್ನಿಗೆ, ರಂಜಕ ಅನ್ನುತ್ತಾರೆ. ಅದನ್ನು ಬೆರಳ ತುದಿಯಲ್ಲಿ ನೋಡಿ, ಆಮೇಲೆ ಹಾಕಿಕೊಳ್ಳಿ. ಖಾರ ಹತ್ತಿದರೆ ನೀರು ಕುಡಿಯಬೇಡಿ, ಮೊಸರು ತಿನ್ನಿ.

ಹಸಿ ತಪ್ಪಲು, ಅಂದರೆ ಹಸಿ ಸೊಪ್ಪು ಇಟ್ಟಿದ್ದರೆ ಅಲಂಕಾರ ಅಂದುಕೊಳ್ಳಬೇಡಿ. ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಇವನ್ನು ರೊಟ್ಟಿ ಪಲ್ಯದ ಜೊತೆ ಹಾಗೇ ಕಡಿಯುವುದು. ಚಳಿಗಾಲದಲ್ಲಿ ಎಳೆ ಮೆಂತ್ಯ ಸಿಗುತ್ತದೆ. ನಾನು ಮನೆಗೆ ಬಂದ ಮೇಲೆ ತೀರಾ ಮಿಸ್ ಮಾಡಿಕೊಂಡದ್ದು ಇದನ್ನೇ. ಅಮ್ಮನ ಎದುರು ಹಸಿ ಮೆಂತ್ಯ ಕಡಿದರೆ, "ಏನೇ ಇದು, ಮೇಕೆ ಥರ" ಅಂದರು.

ಈಗ ಮುಖ್ಯವಾದ ಮಾತು, ಊಟದ ಕ್ರಮ. ಮೊದಲು ರೊಟ್ಟಿ, ಆಮೇಲೆ ಅನ್ನ. ನಡುವೆ ಒಂದು ಗೆರೆ ಇದೆ, ಅದನ್ನು ದಾಟಿದರೆ ವಾಪಸ್ ಬರುವ ಹಾಗಿಲ್ಲ. ಹುಡುಗ ಬಂದು, "ಅನ್ನಕ್ಕ ಬಂದ್ರೇನ್ರಿ?" ಅಂತ ಕೇಳುತ್ತಾನೆ. ಹೂಂ ಅಂದಿರೋ, ನಿಮ್ಮ ರೊಟ್ಟಿ ಮುಗಿಯಿತು. ನಾನು ಮೊದಲ ದಿನ ಒಂದು ರೊಟ್ಟಿ ಮುಗಿಸುವ ಮೊದಲೇ ಹೂಂ ಅಂದುಬಿಟ್ಟೆ. ಒಂದು ಸಣ್ಣ ಗುಡ್ಡೆ ಅನ್ನ ಬಂತು, ತೆಳ್ಳಗಿನ ಸಾರು ಬಂತು. ನಾನು ಹುಳಿ ಬರುತ್ತದೆ ಅಂತ ಕಾಯುತ್ತಾ ಕೂತೆ. ಮಜ್ಜಿಗೆ ಬಂತು. ಊಟ ಮುಗಿಯಿತು! ಅವತ್ತು ರಾತ್ರಿ ಬಿಸ್ಕತ್ತು ತಿಂದು ಮಲಗಿದೆ. ಇಲ್ಲಿ ಅನ್ನ ಊಟದ ಬಾಲ, ಹೊಟ್ಟೆ ತುಂಬಬೇಕಾದದ್ದು ರೊಟ್ಟಿಯಲ್ಲಿ. ಅಕ್ಕಾರು ಆಮೇಲೆ ಆಡಿಕೊಳ್ಳುತ್ತಿದ್ದರು: "ನಿಮ್ಮ ಕಡೆ ಮಂದಿ ಅನ್ನಾನ ಊಟ ಅಂತೀರಿ."

ಎಷ್ಟು ರೊಟ್ಟಿ? ಕೂತು ಉಣ್ಣುವವರಿಗೆ ನಾನು ಹೋಗುತ್ತಿದ್ದ ಕಡೆ ಲೆಕ್ಕ ಇರಲಿಲ್ಲ. ಈಗ ಕೆಲವು ಕಡೆ ಎರಡು, ಮೂರು ಅಂತ ಮಿತಿ ಇದೆ, ಕೂರುವ ಮೊದಲೇ ಕೇಳಿಬಿಡಿ. ಮಿತಿ ಇಲ್ಲದಿದ್ದರೂ ಮೊದಲ ವಾರ ಎರಡು ಸಾಕು. ಅಭ್ಯಾಸ ಇಲ್ಲದ ಹೊಟ್ಟೆಗೆ ಜೋಳ ಭಾರ. ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಮೂರನೇ ದಿನ ಬೆಳಿಗ್ಗೆ ನನ್ನ ಮಾತು ನೆನಪಾಗುತ್ತದೆ. ಇಷ್ಟು ಹೇಳಿದರೆ ಸಾಕು ಅಲ್ವಾ.

ಪೂರ್ತಿ ಬೇಡದಿದ್ದರೆ ಅರ್ಧ ರೊಟ್ಟಿ ಕೇಳಬಹುದು. ಕೊಡುತ್ತಾರೆ, ಅದರಲ್ಲಿ ಸಂಕೋಚ ಬೇಡ. ಆದರೆ ತಾಟಿನಲ್ಲಿ ರೊಟ್ಟಿ ಬಿಟ್ಟು ಏಳಬೇಡಿ. ಹುಡುಗ ಏನೂ ಅನ್ನುವುದಿಲ್ಲ. ತಾಟು ಒಳಗೆ ಹೋಗುತ್ತದೆ, ಒಳಗೆ ಬಡಿದವರು ಕೂತಿರುತ್ತಾರೆ, ಅವರು ನೋಡುತ್ತಾರೆ. ಹೀಗಾಗಿ 'ಸಾಕು' ಅನ್ನುವುದನ್ನೂ ಕಲಿಯಬೇಕು. ಬಾಯಲ್ಲಿ "ಸಾಕ್ರಿ" ಅಂದರೆ ಅದು ಮರ್ಯಾದೆಗೆ ಅಂದದ್ದು ಅಂತ ತಿಳಿದು ಇನ್ನೊಂದು ಹಾಕುತ್ತಾರೆ. ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿಯಬೇಕು. ಆಗಲೂ ಆಯಿ ಬಡಿಸಲು ಬಂದಿದ್ದರೆ ಪ್ರಯೋಜನವಿಲ್ಲ. ಕೈ ಸಂದಿಯಲ್ಲೇ ತೂರಿಸುತ್ತಿದ್ದರು.

ಕಟಕ್ ರೊಟ್ಟಿ ಬೇರೆ ಜಾತಿ. ಒಣಗಿಸಿದ್ದು, ಹಪ್ಪಳದ ಹಾಗೆ ಮುರಿಯುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಊರಿಗೆ ಹೋಗುವಾಗ ಒಂದು ಕಟ್ಟು ಕಟ್ಟಿಸಿಕೊಳ್ಳಿ. ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಳ್ಳಿ, ಸೀಟಿನ ಕೆಳಗಿಟ್ಟರೆ ಮನೆ ತಲುಪುವಾಗ ನುಚ್ಚಾಗಿರುತ್ತದೆ.

ರೊಟ್ಟಿಯಾ ಚಪಾತಿಯಾ ಅಂತ ಕೇಳುವ ಕಡೆ ಹಲವರು ಚಪಾತಿ ಅನ್ನುತ್ತಾರೆ. ಧಾರವಾಡಕ್ಕೆ ಬಂದು ಚಪಾತಿ ಯಾಕೆ ತಿನ್ನಬೇಕು ಅಂತ ನನಗೆ ಈವರೆಗೂ ಅರ್ಥವಾಗಿಲ್ಲ.

ಹೊತ್ತು, ದುಡ್ಡು, ಖಾತೆ

ಮಧ್ಯಾಹ್ನ ಹನ್ನೆರಡೂವರೆಗೆ ಶುರು. ಒಂದೂವರೆಗೆ ಕ್ಲಾಸ್ ಬಿಟ್ಟ ಗುಂಪು ನುಗ್ಗುತ್ತದೆ, ಆಗ ಕೂತವರ ಹಿಂದೆ ಮುಂದಿನವರು ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ಊಟವಾದ ಮೇಲೆ ಫೋನ್ ನೋಡುತ್ತಾ ಕೂರಬೇಡಿ. ನನ್ನ ಮಟ್ಟಿಗೆ ಒಳ್ಳೆಯ ಹೊತ್ತು ಹನ್ನೆರಡೂ ಮುಕ್ಕಾಲು. ಪಲ್ಯ ಆಗ ತಾನೇ ಇಳಿಸಿರುತ್ತಾರೆ, ಆಯಿಯ ಕೈಗೆ ಇನ್ನೂ ಸುಸ್ತು ಹತ್ತಿರುವುದಿಲ್ಲ. ಎರಡೂವರೆ ಮೇಲೆ ಹೋದರೆ ಇದ್ದದ್ದು ಸಿಗುತ್ತದೆ. ಆದರೆ ಆಗ ಮನೆಯವರೂ ಊಟಕ್ಕೆ ಕೂರುತ್ತಾರೆ, ಅವರಿಗೆ ಅಂತ ಮಾಡಿಕೊಂಡ ಖಾರಬ್ಯಾಳಿಯೋ ಇನ್ನೊಂದೋ ನಿಮ್ಮ ತಾಟಿಗೂ ಬರುವ ಸಾಧ್ಯತೆ ಇದೆ. ರಾತ್ರಿ ಏಳೂವರೆಯಿಂದ ಹತ್ತು. ಭಾನುವಾರ ರಾತ್ರಿ ನಮ್ಮಲ್ಲಿ ರಜೆ. ಅವತ್ತು ಗಿರ್ಮಿಟ್, ಮಿರ್ಚಿ ಭಜಿ ತಿಂದು ಕಳೆಯುತ್ತಿದ್ದೆವು.

ನಾನು ಸೇರಿದಾಗ ಬಿಡಿ ಊಟಕ್ಕೆ 35 ರೂಪಾಯಿ. ತಿಂಗಳಿಗೆ ಎರಡು ಹೊತ್ತಿಗೂ ಸೇರಿ 1,800. ಕಳೆದ ವರ್ಷ ಹೋದಾಗ ಬಿಡಿ ಊಟ 80 ಆಗಿತ್ತು, ಗಲ್ಲಾದ ಮೇಲೆ ಫೋನ್‌ಪೇ ಅಂಟಿಸಿದ್ದರು. ತಿಂಗಳ ಲೆಕ್ಕಕ್ಕೆ ಸೇರುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ತಿಂಗಳು ಅಂದರೆ ಮೂವತ್ತು ದಿನವಾ, ಅರವತ್ತು ಊಟವಾ? ಊರಿಗೆ ಹೋದ ದಿನ ಕಳೆಯುತ್ತಾರಾ? ಗೆಳೆಯರು ಬಂದರೆ ನನ್ನ ಲೆಕ್ಕದಲ್ಲಿ ಉಣ್ಣಬಹುದಾ? ರೂಮಿಗೆ ಡಬ್ಬಿ ಕಟ್ಟಿಸಿಕೊಂಡರೆ ಎಷ್ಟು ರೊಟ್ಟಿ? ಅರವತ್ತು ಊಟದ ಲೆಕ್ಕ ಸಿಕ್ಕರೆ ಅದನ್ನೇ ಹಿಡಿಯಿರಿ. ಓದುವವರು ತಿಂಗಳಿಗೆ ನಾಲ್ಕೈದು ಹೊತ್ತು ತಪ್ಪಿಸಿಯೇ ತಪ್ಪಿಸುತ್ತೀರಿ.

ಕೆಲವು ಕಡೆ ಕೂಪನ್ ಪುಸ್ತಕ ಕೊಡುತ್ತಾರೆ, ಊಟಕ್ಕೊಂದು ಚೀಟಿ ಹರಿದು ಕೊಡುವುದು. ನಮ್ಮಲ್ಲಿ ಉದ್ದನೆಯ ಖಾತೆ ಪುಸ್ತಕ ಇತ್ತು. ಅಕ್ಕಾರ ಗಂಡ, ನಮಗೆಲ್ಲ ಕಾಕಾ, ಗೀಟು ಎಳೆಯುತ್ತಿದ್ದರು. ಯಾರ ಹೆಸರೂ ಬರೆದಿರುತ್ತಿರಲಿಲ್ಲ. 'ಸಿಂದಗಿ', 'ಬ್ಯಾಂಕ್ ಕೋಚಿಂಗ್', 'ಕೊಪ್ಪಳ', 'ಉದ್ದ ಹುಡುಗ', 'ತಿಪಟೂರು'. ತಿಪಟೂರು ಅಂದರೆ ನಾನು. ವಾರಕ್ಕೊಮ್ಮೆ ನಿಮ್ಮ ಸಾಲಿನ ಗೀಟು ನೀವೂ ಎಣಿಸಿ. ಜಗಳಕ್ಕಲ್ಲ. ನನ್ನ ಸಾಲಿನಲ್ಲಿ ಮೂರು ಗೀಟು ಕಡಿಮೆ ಇದ್ದದ್ದನ್ನು ನಾನೇ ಒಮ್ಮೆ ಹೇಳಿದೆ. ಅವತ್ತಿನಿಂದ ಕಾಕಾ ನನ್ನನ್ನು ಲೆಕ್ಕ ಕೇಳಿ ಬರೆದುಕೊಳ್ಳುತ್ತಿದ್ದರು.

ಬರುವುದಿಲ್ಲ ಅಂತ ಹೇಳಿ ಹೋಗುವುದು

ಮೇಲಿನದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಒಂದು ಶನಿವಾರ ನಾವು ನಾಲ್ಕು ಜನ ಕ್ಲಾಸ್‌ಮೇಟ್ಸ್ ಸೇರಿ ಹುಬ್ಬಳ್ಳಿಗೆ ಸಿನಿಮಾ ನೋಡಲು ಹೋದೆವು. ಅಲ್ಲೇ ಊಟ ಮಾಡಿ ಬಂದೆವು. ಭಾನುವಾರ ಮಧ್ಯಾಹ್ನ ಖಾನಾವಳಿಗೆ ಹೋದರೆ ಅಕ್ಕಾರು ತಾವೇ ತಾಟು ತಂದಿಟ್ಟರು. "ಯಾಕವಾ, ನಿನ್ನೆ ರಾತ್ರಿ ಬರಲಿಲ್ಲ?" ಸಿನಿಮಾ ಅಂದೆ. "ಹೇಳಿ ಹೋಗಬೇಕಿಲ್ಲೋ? ನಿಮ್ಮ ನಾಲ್ಕು ಮಂದಿ ಹಿಟ್ಟು ನಾದಿದ್ವಿ." ದನಿಯಲ್ಲಿ ಸಿಟ್ಟಿರಲಿಲ್ಲ. ನಾನು, "ಲೆಕ್ಕದಲ್ಲಿ ಹಿಡ್ಕೊಳ್ಳಿ ಅಕ್ಕಾರ, ಗೀಟು ಹಾಕಿಬಿಡಿ" ಅಂದೆ. ದೊಡ್ಡ ಮನಸ್ಸು ಮಾಡಿದವಳ ಹಾಗೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. "ರೊಕ್ಕದ್ದಲ್ಲ. ಆಯಿ ಹತ್ತೂವರಿ ಮಟಾ ಒಲಿ ಮುಂದನ ಕುಂತಿದ್ಲು" ಅಂದರು.

ಆಯಿಗೆ ಆಗ ಎಪ್ಪತ್ತರ ಹತ್ತಿರ. ನಾಲ್ಕು ಜನಕ್ಕೆ ಮೂರರಂತೆ ಹನ್ನೆರಡು ರೊಟ್ಟಿಯ ಹಿಟ್ಟು. ನಾವು ಬರುತ್ತೇವೆ, ಬಂದ ಮೇಲೆ ಬಿಸಿಯಾಗಿ ಬಡಿಯೋಣ ಅಂತ ಒಲೆ ಆರಿಸಿರಲಿಲ್ಲ.

ದೊಡ್ಡ ಹೋಟೆಲಿಗೆ ನೂರು ಗಿರಾಕಿಯಲ್ಲಿ ನಾಲ್ಕು ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಹಾಗಲ್ಲ. ನಲವತ್ತು ತಲೆ ಅಂದರೆ ನಲವತ್ತು ತಲೆಗೇ ಹಿಟ್ಟು, ಅಷ್ಟಕ್ಕೇ ಕಾಳು ನೆನೆಹಾಕುವುದು. ಕಾಳು ಹಿಂದಿನ ರಾತ್ರಿಯೇ ನೀರಿಗೆ ಬೀಳುತ್ತದೆ, ಮಡಕಿ ಮೊಳಕೆ ಬರಬೇಕಾದರೆ ಅದಕ್ಕೂ ಮೊದಲೇ. ಆದ್ದರಿಂದ ರಾತ್ರಿ ಊಟಕ್ಕೆ ಬರುವುದಿಲ್ಲ ಅಂತಿದ್ದರೆ ಮಧ್ಯಾಹ್ನ ಹೇಳಿ. ಊರಿಗೆ ಹೋಗುವುದಿದ್ದರೆ ಎರಡು ದಿನ ಮೊದಲು ಹೇಳಿ. ಗೆಳೆಯರನ್ನು ಕರೆತರುವುದಿದ್ದರೂ ಬೆಳಿಗ್ಗೆ ಹೇಳಿ. ಈಗಂತೂ ವಾಟ್ಸಾಪ್ ಇದೆ, 'ಇವತ್ತು ರಾತ್ರಿ ಇಲ್ಲ ಅಕ್ಕಾರ' ಅಂತ ಒಂದು ಸಾಲು ಸಾಕು.

ಹೇಳಿ ಹೋಗುವುದು ಶುರು ಮಾಡಿದ ಮೇಲೆ ಒಂದು ಬದಲಾವಣೆ ಕಂಡಿತು. ಅವರೂ ನಮಗೆ ಹೇಳತೊಡಗಿದರು. ನಾಳೆ ಪುಂಡಿಪಲ್ಯ, ನೀನು ತಿನ್ನುವುದಿಲ್ಲ, ನಿನಗೆ ಬೇರೆ ಇಡುತ್ತೇನೆ. ನಾಡಿದ್ದು ಅಮವಾಸಿ, ಹೋಳಿಗೆ, ಹೊರಗೆ ಉಣ್ಣಬೇಡ. ಪರೀಕ್ಷೆಯ ದಿನ ಹನ್ನೊಂದೂವರೆಗೇ ಬಾ, ಮೊದಲು ನಿನಗೆ ಹಾಕುತ್ತೇನೆ.

ಬಾಗಿಲು ಹಾಕುವ ದಿನಗಳು ತಿಳಿದಿರಲಿ. ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗೆ ಹೊಲ ಇರುವವರು ಊರಿಗೆ ಹೋಗುತ್ತಾರೆ, ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಿ, ಅಲ್ಲೇ ಊಟ ಮಾಡುತ್ತಾರೆ. ಅವತ್ತು ಸಪ್ತಾಪುರದಲ್ಲಿ ಊಟಕ್ಕೆ ಅಲೆದಾಟ. ಮೊದಲ ವರ್ಷ ನಾನು ಬ್ರೆಡ್ ತಿಂದೆ. ಎರಡನೇ ವರ್ಷ ಮರುದಿನ ಹೋದರೆ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಭರ್ತ, ಶೇಂಗಾ ಹೋಳಿಗೆ ಎತ್ತಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ಕೃಷಿ ಮೇಳ ನಡೆಯುವಾಗ ಉಲ್ಟಾ, ಜಿಲ್ಲೆ ಜಿಲ್ಲೆಯ ರೈತರು ಬಂದು ಖಾನಾವಳಿಗಳು ತುಂಬಿ ತುಳುಕುತ್ತವೆ. ಆ ನಾಲ್ಕು ದಿನ ಡಬ್ಬಿ ಒಯ್ಯುವುದೇ ಮೇಲು.

ಹುಡುಗಿಯರಿಗೆ ಒಂದು ಮಾತು. ಖಾನಾವಳಿಯಲ್ಲಿ ಗಂಡಸರೇ ಜಾಸ್ತಿ, ಮೊದಲ ದಿನ ಒಳಗೆ ಹೆಜ್ಜೆ ಇಡಲು ಮುಜುಗರವಾಗುತ್ತದೆ. ನನಗೂ ಆಗಿತ್ತು. ಅದಕ್ಕೇ ಬಹಳ ಜನ ಡಬ್ಬಿ ತರಿಸಿಕೊಳ್ಳುತ್ತಾರೆ. ಡಬ್ಬಿಯಲ್ಲಿ ರೊಟ್ಟಿಗೆ ಲೆಕ್ಕ ಇದೆ, ಆರಿಹೋಗಿರುತ್ತದೆ, ದುಡ್ಡು ಮಾತ್ರ ಅಷ್ಟೇ. ಸುಮ್ನೆ ನಷ್ಟ. ಅಡುಗೆಮನೆಯಲ್ಲಿ ಮನೆಯ ಹೆಂಗಸರೇ ಇರುವ ಕಡೆ ಆರಿಸಿ, ಒಳಬಾಗಿಲಿನ ಹತ್ತಿರದ ಟೇಬಲ್‌ನಲ್ಲಿ ಕೂತುಕೊಳ್ಳಿ. ಒಳಗಿನವರು ಕಾಣುತ್ತಾರೆ, ಅವರಿಗೂ ನೀವು ಕಾಣುತ್ತೀರಿ. ಒಂದು ಸಲ ಎದುರು ಟೇಬಲ್ಲಿನವನೊಬ್ಬ ನನ್ನನ್ನೇ ನೋಡುತ್ತಾ ಕೂತಿದ್ದ. ಅಕ್ಕಾರು ಒಳಗಿಂದ ಬಂದು ಅವನ ತಾಟಿಗೆ ಕೇಳದೆಯೇ ಅನ್ನ ಸುರಿದರು. ಅವನ ರೊಟ್ಟಿ ಮುಗಿಯಿತು. ಹತ್ತು ನಿಮಿಷದಲ್ಲಿ ಎದ್ದು ಹೋದ.

ಮಾತಾಡಿಸುವ ರೀತಿಯೂ ಗೊತ್ತಿರಲಿ. ನಮ್ಮ ಕಡೆಯ 'ಆಂಟಿ', 'ಅಂಕಲ್' ಇಲ್ಲಿ ಹೊರಗಿನ ಮಾತಾಗಿ ಕೇಳಿಸುತ್ತದೆ. ಅಕ್ಕಾರ, ಕಾಕಾ, ಅಣ್ಣಾರ. ಬಡಿಸುವವನು ನಿಮಗಿಂತ ಚಿಕ್ಕವನಾದರೂ ಕೊನೆಗೊಂದು 'ರೀ' ಹಚ್ಚಿ: "ಪಲ್ಯ ಹಾಕ್ರಿ", "ಮಜ್ಜಿಗಿ ಕೊಡ್ರಿ". ಅವರು ನಿಮ್ಮನ್ನು ಏಕವಚನದಲ್ಲಿ ಕರೆಯಲು ಶುರು ಮಾಡಿದರೆ ಬೇಸರ ಬೇಡ. 'ಬರ್ರಿ' ಹೋಗಿ 'ಬಾರವಾ' ಬಂದ ದಿನ ನಾನು ಮನೆಗೆ ಫೋನ್ ಮಾಡಿ ಹೇಳಿದ್ದೆ.

ಊಟ ಚೆನ್ನಾಗಿಲ್ಲದ ದಿನವೂ ಬರುತ್ತದೆ. ಪಲ್ಯ ಉಪ್ಪಾಗಿರುತ್ತದೆ, ಸಾರು ನೀರಾಗಿರುತ್ತದೆ. ಎಲ್ಲರ ಮುಂದೆ ಹುಡುಗನಿಗೆ ಹೇಳಬೇಡಿ. ಕೈ ತೊಳೆದು ಹೋಗುವಾಗ ಒಳಗೆ ಇಣುಕಿ ಅಕ್ಕಾರಿಗೆ ಹೇಳಿ. ಒಮ್ಮೆ ಹಾಗೆ ಹೇಳಿದಾಗ ಅವರು ಬೆರಳಲ್ಲಿ ರುಚಿ ನೋಡಿ, "ಅಯ್ಯ, ಎರಡು ಸಲ ಬಿದ್ದೈತಿ" ಅಂತ ಆ ಪಾತ್ರೆಯನ್ನೇ ಪಕ್ಕಕ್ಕೆ ಇಟ್ಟರು. ಆಮೇಲೆ ಬಂದವರಿಗೆಲ್ಲ ಝುಣಕ.

ಬಿಲ್ ಕೊಟ್ಟು ಟಿಪ್ಸ್ ಇಡಬೇಡಿ, ಮನೆಯ ಹುಡುಗನಿಗೆ ಅದು ಅವಮಾನ. ಊರಿಗೆ ಹೋಗಿ ಬರುವಾಗ ಏನಾದರೂ ತನ್ನಿ. ಧಾರವಾಡದ ಪೇಢೆಯನ್ನೇ ಕೊಂಡು ಅವರಿಗೇ ಕೊಟ್ಟವರೂ ಇದ್ದಾರೆ, ಹಾಗೆ ಮಾಡಬೇಡಿ. ಮೊದಲ ದೀಪಾವಳಿಗೆ ಹೋಗಿ ಬರುವಾಗ ಅಪ್ಪ ನನ್ನ ಚೀಲಕ್ಕೆ ಹತ್ತು ಕೊಬ್ಬರಿ ಗಿಟುಕು ತುಂಬಿದ್ದರು. ಆಯಿ ಒಂದನ್ನು ಕೈಯಲ್ಲಿ ತಿರುಗಿಸಿ, ಮೂಸಿ, ಮಡಿಲಲ್ಲಿ ಇಟ್ಟುಕೊಂಡರು. ಮರುದಿನ ಎಣ್ಣೆಗಾಯಿಗೆ ಕೊಬ್ಬರಿ ಬಿದ್ದಿತ್ತು, ಎಲ್ಲರ ತಾಟಿಗೂ. ಉಣ್ಣುವವರಿಗೆಲ್ಲ ಕಾಕಾ ಗಲ್ಲಾದಿಂದಲೇ ಹೇಳುತ್ತಿದ್ದರು, "ತಿಪಟೂರದ್ದು."

ಹಾಗಾಗಿ ತಮ್ಮಾ, ನೀನು ಹೋಗುವಾಗ ಬಟ್ಟೆ ಎರಡು ಜೊತೆ ಕಡಿಮೆಯಾದರೂ ಪರವಾಗಿಲ್ಲ, ನಮ್ಮ ಮನೆಗೆ ಬಂದು ಕೊಬ್ಬರಿ ತೆಗೆದುಕೊಂಡು ಹೋಗು. ನನ್ನ ಹೆಸರು ಹೇಳಿದರೆ ಅವರಿಗೆ ಗೊತ್ತಾಗಲಿಕ್ಕಿಲ್ಲ, ಊರ ಹೆಸರು ಹೇಳು. ಮೊದಲ ದಿನ ಹನ್ನೆರಡೂ ಮುಕ್ಕಾಲಿಗೆ ಹೋಗು, ರಾತ್ರಿಗೂ ಬರುತ್ತೀಯೋ ಇಲ್ಲವೋ ಅಂತ ಹೇಳಿಯೇ ಎದ್ದು ಬಾ.